ಮಲೆನಾಡಿನ ತೋಟದ ಮನೆಗೆ ಫೈಬರ್ ಇಂಟರ್ನೆಟ್: ಸುಮಾರು ಮಳೆಗಾಲ ಕಂಡ ಮೇಲೆ ಬರೀತಿರೋ ರಿವ್ಯೂ

ನಮ್ದು ತೀರ್ಥಹಳ್ಳಿ ಕಡೆ ತೋಟದ ಮನೆ. ಮೂರು ಕಡೆ ಗುಡ್ಡ, ಮೊಬೈಲ್ ಟವರ್ ಇರೋದು ಗುಡ್ಡದ ಆಚೆ ಮಗ್ಗುಲಿಗೆ. ಫೈಬರ್ ಹಾಕ್ಸಿ ವರ್ಷಗಳಾಯ್ತು, ದಿನಾ ಕೆಲಸಕ್ಕೆ ಬಳಸ್ತಾ ಇದ್ದೀನಿ, ಹಾಗಾಗಿ ಈಗ ಬರೀಬಹುದು ಅನ್ಸ್ತು. ಪೇಟೆಯವರು ಹಾಕೋ ರಿವ್ಯೂಗಳಲ್ಲಿ ಬರೀ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟು ಇರತ್ತೆ. ನಮ್ಮ ಕಡೆಯವರು ಕೇಳೋದೇ ಬೇರೆ. ಜುಲೈ ಮಳೇಲಿ ಲೈನ್ ಹೋದ್ರೆ ಯಾವಾಗ ವಾಪಸ್ ಬರತ್ತೆ, ಕರೆಂಟಿಲ್ದೇ ಇದ್ದಾಗ ನೆಟ್ ಇರತ್ತಾ, ಗುಡುಗಿಗೆ ಮೋಡೆಮ್ ಸುಡತ್ತಾ, ಓಟಿಪಿ ಬರತ್ತಾ. ಅದಕ್ಕೇ ಅದರ ಬಗ್ಗೆನೇ ಬರೀತೀನಿ.

ಕಂಪನಿ ಹೆಸರು ಹಾಕ್ತಿಲ್ಲ. ಯಾಕಂದ್ರೆ ನಮ್ಮೂರಲ್ಲಿ ಚೆನ್ನಾಗಿರೋ ಅದೇ ಕಂಪನಿ ಲೈನು ಪಕ್ಕದ ಹೋಬಳೀಲಿ ವಾರಗಟ್ಲೆ ಸತ್ತು ಬಿದ್ದಿರತ್ತೆ. ಹಳ್ಳಿ ಕಡೆ ಫೈಬರ್ ಅಂದ್ರೆ ಕಂಪನಿಗಿಂತ ಹೆಚ್ಚಾಗಿ ಆ ಏರಿಯಾದ ಲೈನ್ ಹಿಡಿದಿರೋ ಫ್ರಾಂಚೈಸಿಯವ್ರು ಮತ್ತು ಅವ್ರ ಹತ್ರ ಕೆಲಸ ಮಾಡೋ ಹುಡುಗ್ರು. ನೂರು ಎಂಬಿಪಿಎಸ್ಸೋ ಇನ್ನೂರೋ ಅಂತ ಕೇಳೋಕೂ ಮುಂಚೆ ಲೈನ್ ಕಟ್ಟಾದ್ರೆ ಬರೋರು ಯಾರು, ಅವ್ರ ಮನೆ ಎಷ್ಟು ದೂರ, ಜಾಯಿಂಟ್ ಮಾಡೋ ಮಿಷಿನ್ ಅವ್ರ ಕೈಲೇ ಇದೆಯಾ ಅಂತ ಕೇಳಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಳೇ ತಾಮ್ರದ ಲೈನ್ ಕಂಡವರಿಗೆ ಫೈಬರ್ ಬೆಲೆ ಚೆನ್ನಾಗಿ ಗೊತ್ತಾಗತ್ತೆ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ 256 ಕೆಬಿಪಿಎಸ್ ಅಂದ್ರೇ ದೊಡ್ಡದು. ರಾತ್ರಿ 2 ಗಂಟೆಯಿಂದ ಬೆಳಗ್ಗೆ 8ರ ತನಕ ಎಷ್ಟು ಬೇಕಾದ್ರೂ ಡೌನ್‌ಲೋಡ್ ಮಾಡಬಹುದು ಅನ್ನೋ ಪ್ಲಾನ್ ಇತ್ತು, ಆಗಿನ ಕಾಲೇಜು ಹುಡುಗರಿಗೆಲ್ಲ ನೆನಪಿರತ್ತೆ. ಸರ್ಕಾರದ ಲೆಕ್ಕದಲ್ಲೂ 256 ಇದ್ರೆ ಅದು ಬ್ರಾಡ್‌ಬ್ಯಾಂಡೇ, ಆಮೇಲೆ 512 ಆಯ್ತು, 2023ರಲ್ಲಿ ಅಷ್ಟೇ ಅದನ್ನ 2 ಎಂಬಿಪಿಎಸ್‌ಗೆ ಏರಿಸಿದ್ದು. ತಾಮ್ರದ ತಂತಿಯ ಕಷ್ಟ ಏನಂದ್ರೆ ಎಕ್ಸ್‌ಚೇಂಜಿಂದ ದೂರ ಹೋದಷ್ಟೂ ಸಿಗ್ನಲ್ ಸವೀತಾ ಹೋಗತ್ತೆ, ನಾಲ್ಕೈದು ಕಿಲೋಮೀಟರ್ ಆಚೆ ಇರೋ ತೋಟದ ಮನೆಗೆ ಏನೂ ಉಳಿಯೋದಿಲ್ಲ. ಈಗಿನ ಫೈಬರ್ ವ್ಯವಸ್ಥೆ 20 ಕಿಲೋಮೀಟರ್ ತನಕ ಆರಾಮಾಗಿ ಬರತ್ತೆ, ಪೇಟೆಯವರಿಗೆ ಸಿಗೋ ಸ್ಪೀಡೇ ನಮಗೂ.

ಇನ್ನು ಸಿಡಿಲು. ಏಪ್ರಿಲ್ ಮೇ ತಿಂಗಳ ಸಂಜೆ ಮೋಡ ಕಟ್ಟಿದ ಕೂಡ್ಲೇ ಎಲ್ಲಿದ್ರೂ ಓಡಿ ಬಂದು ಫೋನಿನ ಪಿನ್ನು, ಮೋಡೆಮ್ ಪಿನ್ನು ಎರಡೂ ಕೀಳೋದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ. ಫೈಬರ್ ಗಾಜಿನ ಎಳೆ, ಅದ್ರಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ಲೈನಿನಿಂದ ಸಿಡಿಲು ಒಳಗೆ ಬರೋ ದಾರಿ ಮುಚ್ಚಿಹೋಯ್ತು. ಹಾಗಂತ ಪೂರ್ತಿ ಧೈರ್ಯವಾಗಿ ಇರಬೇಡಿ. ಅಡಾಪ್ಟರ್ ಇರೋದು ಕರೆಂಟ್ ಲೈನಲ್ಲೇ, ಅಲ್ಲಿಂದ ಬರತ್ತೆ. ಅಡಿಕೆ ಒಣಗಿಸೋ ಅಂಗಳದ ಕ್ಯಾಮೆರಾಗೆ ಅಂತ ಹೊರಗಡೆ ಉದ್ದಕ್ಕೆ ಲ್ಯಾನ್ ಕೇಬಲ್ ಎಳ್ದಿದ್ರೆ ಅದು ತಾಮ್ರ, ಅದ್ರಿಂದಲೂ ಬರತ್ತೆ. ಮನೆಗೆ ಬರೋ ಫೈಬರ್ ಕೇಬಲ್ಲಿಗೂ ಎಳೆತ ತಡೆಯೋಕೆ ಒಂದು ಉಕ್ಕಿನ ತಂತಿ ಸೇರಿಸಿರ್ತಾರೆ, ಅದನ್ನ ಮನೆ ಹೊರಗೇ ಕತ್ತರಿಸಿ ಕಟ್ಟೋಕೆ ಹೇಳಿ, ಒಳಗೆ ತರೋದು ಬೇಡ. ಗುಡುಗು ಜೋರಾದ್ರೆ ನಾವು ಈಗಲೂ ಪ್ಲಗ್ ತೆಗೀತೀವಿ.

ಹೆಚ್ಚಿನವರು ನೋಡದೇ ಇರೋ ಒಂದು ವಿಷಯ ಅಂದ್ರೆ ಬೆಳಕಿನ ಪವರ್. ಮೋಡೆಮ್ಮಿನ ಸೆಟ್ಟಿಂಗ್ ಪೇಜಿಗೆ ಹೋದ್ರೆ ಒಳಗೆ ಬರೋ ಬೆಳಕಿನ (ಆರ್‌ಎಕ್ಸ್) ಆಪ್ಟಿಕಲ್ ಪವರ್ ಅಂತ ಒಂದು ಸಂಖ್ಯೆ ತೋರಿಸತ್ತೆ, ಡಿಬಿಎಂ ಲೆಕ್ಕದಲ್ಲಿ, ಯಾವಾಗಲೂ ಮೈನಸ್ಸಲ್ಲೇ ಇರತ್ತೆ. ನಮ್ಮನೇಲಿ ಮಾಮೂಲಿ ಮೈನಸ್ 21, 22ರ ಆಸುಪಾಸು. ಮೈನಸ್ 27ಕ್ಕಿಂತ ಕೆಳಗೆ ಇಳೀತು ಅಂದ್ರೆ ಬಹಳಷ್ಟು ಮೋಡೆಮ್‌ಗಳು ಒದ್ದಾಡೋಕೆ ಶುರು ಮಾಡತ್ವೆ, ನೆಟ್ ಬರತ್ತೆ ಹೋಗತ್ತೆ, ಆಮೇಲೆ ಕೆಂಪು ಲೈಟು. 3 ಡಿಬಿ ಕಮ್ಮಿ ಆಯ್ತು ಅಂದ್ರೆ ಬೆಳಕು ಅರ್ಧಕ್ಕೆ ಇಳೀತು ಅಂತ ಅರ್ಥ. ಒಂದೇ ಎಳೆಯನ್ನ ಸ್ಪ್ಲಿಟರ್ ಹಾಕಿ 32 ಮನೆಗೋ 64 ಮನೆಗೋ ಹಂಚ್ತಾರೆ, ಒಂದೊಂದು ಸಲ ಎರಡಾಗಿ ಒಡೆದಾಗಲೂ ಬೆಳಕು ಅರ್ಧರ್ಧ ಆಗ್ತಾ ಹೋಗತ್ತೆ, ಅದ್ರ ಮೇಲೆ ಕೆಟ್ಟ ಜಾಯಿಂಟು, ಗೋಡೆ ಮೂಲೇಲಿ ಕೇಬಲ್ ಚೂಪಾಗಿ ಮಡಚಿದ್ದು, ಇದೆಲ್ಲ ಸೇರ್ಕೊಳತ್ತೆ. ಸ್ಪೀಡ್ ಕಮ್ಮಿ ಅಂತ ಕಾಲ್ ಸೆಂಟರಿಗೆ ಫೋನ್ ಮಾಡಿದ್ರೆ ರೀಸ್ಟಾರ್ಟ್ ಮಾಡಿ ಅಂತಾರೆ. ಪವರ್ ಮೈನಸ್ 28ಕ್ಕೆ ಇಳಿದಿದೆ ಅಂತ ಹೇಳಿದ್ರೆ ಲೈನ್ ಹುಡುಗ ಮಾತಿಲ್ಲದೇ ಹೊರಡ್ತಾನೆ. ಈ ಒಂದು ಸಂಖ್ಯೆ ಗೊತ್ತಿದ್ರೆ ಅರ್ಧ ಜಗಳ ಇರಲ್ಲ.

ಆಗುಂಬೆ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ನಮ್ಮಲ್ಲಿ ಅಷ್ಟಿಲ್ಲದಿದ್ರೂ ಕಮ್ಮಿಯೇನಲ್ಲ. ಕೇಬಲ್ ಬರೋದು ಕಂಬದಿಂದ ಕಂಬಕ್ಕೆ, ಎಷ್ಟೋ ಕಡೆ ಮರದಿಂದ ಮರಕ್ಕೆ. ಗಾಳಿಗೆ ಮರ ಬೀಳತ್ತೆ, ದರೆ ಕುಸಿಯತ್ತೆ, ಮಂಗಗಳು ಜೋತು ಬೀಳತ್ವೆ, ಅಳಿಲು ಕಚ್ಚತ್ತೆ. ಒಂದ್ಸಲ ಮಳೆ ಹನೀತಾ ಇರೋವಾಗ್ಲೇ ತೋಟದ ಅಂಚಲ್ಲಿ ಕಟ್ಟಾಗಿದ್ದನ್ನ ಜಾಯಿಂಟ್ ಮಾಡ್ತಿದ್ರು, ನಾನು ಕೊಡೆ ಹಿಡ್ಕೊಂಡು ನಿಂತಿದ್ದೆ. ಹುಡುಗ ಮೊದಲು ಜಾಯಿಂಟ್ ಡಬ್ಬಿ ಬಿಚ್ಚಿದ್ರೆ ಒಳಗೆಲ್ಲ ಇರುವೆ ಗೂಡು, ಬಿಳಿ ಮೊಟ್ಟೆ ಸಮೇತ. ಅದನ್ನೆಲ್ಲ ಊದಿ, ಒರೆಸಿ, ಕೇಬಲ್ಲಿನ ಕಪ್ಪು ಸಿಪ್ಪೆ ತೆಗೆದು, ಒಳಗಿನ ಎಳೆ ಹೊರಗೆ ಎಳೆದ. ಕೂದಲಷ್ಟೇ ದಪ್ಪ. ಸ್ಪಿರಿಟ್ ಹಾಕಿದ ಟಿಶ್ಯೂನಲ್ಲಿ ಒರೆಸಿ, ಚಿಕ್ಕ ಕಟ್ಟರಲ್ಲಿ ತುದಿ ನೇರ ಕತ್ತರಿಸಿ, ಎರಡೂ ತುದಿ ಮಿಷಿನ್ನಲ್ಲಿಟ್ಟು ಮುಚ್ಚಳ ಹಾಕಿದ. ಸ್ಕ್ರೀನಲ್ಲಿ ಎರಡು ಎಳೆ ಕಂಬದಷ್ಟು ದಪ್ಪ ಕಾಣ್ತವೆ, ತಾವೇ ಹತ್ರ ಬಂದು ಎದುರುಬದುರು ನಿಲ್ತವೆ, ಪಟ್ ಅಂತ ಒಂದು ಕಿಡಿ, ಅಷ್ಟೇ, ಗಾಜು ಕರಗಿ ಒಂದಾಗಿರತ್ತೆ. ಮೇಲೆ ಒಂದು ಸಣ್ಣ ನಳಿಗೆ ಹಾಕಿ ಬಿಸಿ ಮಾಡಿ ಭದ್ರ ಮಾಡ್ತಾರೆ. ಒದ್ದೆ ಕೈಲಿ, ಉಂಬಳ (ಜಿಗಣೆ) ಹತ್ತೋ ಜಾಗದಲ್ಲಿ ನಿಂತು ಇಷ್ಟು ನಾಜೂಕಿನ ಕೆಲಸ ಮಾಡೋ ಈ ಹುಡುಗರಿಗೆ ಸಿಗಬೇಕಾದ ಮರ್ಯಾದೆ ಸಿಗ್ತಿಲ್ಲ ಅಂತ ನನಗೆ ನಿಜವಾಗ್ಲೂ ಬೇಜಾರಿದೆ. ಬಂದಾಗ ಒಂದು ಲೋಟ ಕಾಫಿ ಕೊಡಿ, ದಾರಿ ತೋರ್ಸಿ, ನಿಮ್ಮ ತೋಟದಲ್ಲಿ ಕೇಬಲ್ ಮೇಲೆ ವಾಲಿರೋ ಗೆಲ್ಲಿದ್ರೆ ಮೇ ತಿಂಗಳಲ್ಲೇ ಕಡಿಸಿ ಇಡಿ.

ಕರೆಂಟ್ ವಿಷಯಕ್ಕೆ ಬಂದ್ರೆ ತಾಮ್ರದ ಫೋನಿಗೊಂದು ದೊಡ್ಡ ಗುಣ ಇತ್ತು, ಅದನ್ನ ನಾವು ಕಳ್ಕೊಂಡ್ವಿ. ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಬರ್ತಿತ್ತು, ಮನೇಲಿ ಮೂರು ದಿನ ಕರೆಂಟಿಲ್ದಿದ್ರೂ ಫೋನ್ ರಿಂಗಾಗ್ತಿತ್ತು. ಫೈಬರಲ್ಲಿ ಬೆಳಕು ಬರತ್ತೆ, ಕರೆಂಟ್ ಬರಲ್ಲ, ಮೋಡೆಮ್ಮಿಗೆ ನಾವೇ ಊಟ ಹಾಕ್ಬೇಕು. ಇಡೀ ಮನೆ ಇನ್ವರ್ಟರ್ ಇದ್ರೂ ಮಳೆಗಾಲದ ಉದ್ದ ಪವರ್ ಕಟ್ಟಿಗೆ ಅದು ಸಾಕಾಗಲ್ಲ, ಲೈಟು ಫ್ಯಾನು ಟೀವಿ ಎಲ್ಲ ಅದ್ರ ಮೇಲೇ ಇರತ್ತೆ. ರೂಟರಿಗೆ ಅಂತಲೇ ಬರೋ 12 ವೋಲ್ಟಿನ ಸಣ್ಣ ಯುಪಿಎಸ್ ತಗೊಂಡಿದ್ದು ನಾನು ಮಾಡಿದ ಬೆಸ್ಟ್ ಖರ್ಚು. ತಗೊಳೋ ಮುಂಚೆ ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟು ಎಷ್ಟು ಆಂಪ್ ಅಂತ ಬರೆದಿದೆ ನೋಡ್ಕೊಳ್ಳಿ. ಆದ್ರೆ ನಮ್ಮನೇಲಿ ಬ್ಯಾಕಪ್ ಇದ್ರೆ ಸಾಲದು, ಆ ಕಡೆ ನಮ್ಮ ಲೈನಿಗೆ ಬೆಳಕು ಕಳಿಸೋ ಫ್ರಾಂಚೈಸಿಯವರ ಪೆಟ್ಟಿಗೆ ಇರೋ ಜಾಗದಲ್ಲೂ ಬ್ಯಾಟರಿ ಇರಬೇಕು. ಹಿಂದೆ ನಮಗೆ ಕನೆಕ್ಷನ್ ಕೊಟ್ಟಿದ್ದವರಲ್ಲಿ ಅದು ಇರ್ಲಿಲ್ಲ, ಪೇಟೇಲಿ ಕರೆಂಟ್ ಹೋದ್ರೆ ನಮಗೆ ನೆಟ್ ಹೋಗ್ತಿತ್ತು. ಅವ್ರನ್ನ ಬಿಡೋಕೆ ಅದೇ ಕಾರಣ.

ಮನೆ ಒಳಗಿನ ವೈಫೈ ಇನ್ನೊಂದು ಕಥೆ. ಹಳೇ ಮನೆ, ದಪ್ಪ ಮಣ್ಣಿನ ಗೋಡೆ, ಆಮೇಲೆ ಕಟ್ಟಿದ ಭಾಗಕ್ಕೆ ಜಂಬಿಟ್ಟಿಗೆ. 5 ಗಿಗಾಹರ್ಟ್ಸ್ ವೈಫೈ ಮೋಡೆಮ್ ಇರೋ ಜಗಲೀಲಿ ಹಾರಾಡತ್ತೆ, ಒಂದು ಗೋಡೆ ದಾಟಿ ನಡುಮನೆಗೆ ಬಂದ್ರೆ ಸುಸ್ತು. 2.4 ದೂರ ಹೋಗತ್ತೆ ಆದ್ರೆ ಸ್ಪೀಡ್ ಕಮ್ಮಿ. ರಿಪೀಟರ್ ಹಾಕಿ ದುಡ್ಡು ಹಾಳು ಮಾಡ್ಬೇಡಿ, ಅಟ್ಟದ ಮೇಲೆ ಒಂದು ಕ್ಯಾಟ್ 6 ಕೇಬಲ್ ಎಳೆದು ಇನ್ನೊಂದು ಕೊನೇಲಿ ಎರಡನೇ ರೂಟರ್ ಇಟ್ರೆ ಮುಗೀತು. ಮರದ ಅಟ್ಟ ಸಿಗ್ನಲನ್ನ ಅಷ್ಟಾಗಿ ತಡೆಯಲ್ಲ, ಮಹಡಿ ಮೇಲೆ ಚೆನ್ನಾಗೇ ಸಿಗತ್ತೆ.

ನಮ್ಮ ಬದುಕು ನಿಜವಾಗಿ ಬದಲಾಗಿದ್ದು ವೈಫೈ ಕಾಲಿಂಗಿಂದ. ಏರ್‌ಟೆಲ್ 2019ರ ಕೊನೇಲಿ, ಜಿಯೋ 2020ರ ಶುರೂಲಿ ತಂದ್ರು. ಫೋನಿನ ಸೆಟ್ಟಿಂಗಲ್ಲಿ ಒಂದು ಬಟನ್ ಆನ್ ಮಾಡಿದ್ರೆ ಟವರ್ ಸಿಗ್ನಲ್ ಒಂದು ಕಡ್ಡಿ ಇಲ್ದಿದ್ರೂ ಮಾಮೂಲಿ ನಂಬರಿಗೇ ಕಾಲ್ ಬರತ್ತೆ, ನಮ್ಮ ಫೋನುಗಳಲ್ಲಿ ಬ್ಯಾಂಕಿನ ಓಟಿಪಿಯೂ ಬರತ್ತೆ. ಇದಕ್ಕೆ ಮುಂಚೆ ಓಟಿಪಿಗೆ ಗುಡ್ಡ ಹತ್ತಬೇಕಿತ್ತು, ಹತ್ತಿ ಇಳಿಯೋ ಹೊತ್ತಿಗೆ ಅದ್ರ ಟೈಮ್ ಮುಗಿದಿರ್ತಿತ್ತು. ಕೊರೋನಾ ಟೈಮಲ್ಲಿ ಮಲೆನಾಡಿನ ಎಷ್ಟು ಮಕ್ಕಳು ಗುಡ್ಡದ ಮೇಲೆ ಟಾರ್ಪಲ್ ಕಟ್ಕೊಂಡು ಆನ್‌ಲೈನ್ ಕ್ಲಾಸ್ ಕೇಳಿದಾರೆ ಅನ್ನೋದನ್ನ ಕಣ್ಣಾರೆ ಕಂಡವರಿಗೆ ಇದು ಎಂಥ ದೊಡ್ಡ ವಿಷಯ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಫೈಬರ್ ಇದ್ದೂ ಈ ಬಟನ್ ಆನ್ ಮಾಡದೇ ಇರೋರು ನಮ್ಮೂರಲ್ಲಿ ಇನ್ನೂ ಇದಾರೆ, ದಯವಿಟ್ಟು ಮನೆಯ ಹಿರಿಯರ ಫೋನ್ ತಗೊಂಡು ಇವತ್ತೇ ನೋಡಿ.

ಟೀವಿ ಬಗ್ಗೆ: ಡಿಶ್ ಆ್ಯಂಟೆನಾಗೆ ಬರೋ ಕೆಯು ಬ್ಯಾಂಡ್ ಸಿಗ್ನಲನ್ನ ಜೋರು ಮಳೆ ಹೀರಿಬಿಡತ್ತೆ, ಹಾಗಾಗಿ ಮನೇಲೇ ಕೂತಿರೋ ಮಳೆಗಾಲದ ಸಂಜೆಗಳಲ್ಲೇ ಸ್ಕ್ರೀನು ಖಾಲಿ. ಫೈಬರಲ್ಲಿ ಆ ತೊಂದ್ರೆ ಇಲ್ಲ. ಅಪ್ಪಯ್ಯನಿಗೆ ಯೂಟ್ಯೂಬಲ್ಲಿ ಯಕ್ಷಗಾನ ಲೈವ್ ಬಂತು ಅಂದ್ರೆ ಬೆಳಗಿನ ಜಾವದ ತನಕ, ಅಮ್ಮನಿಗೆ ಧಾರಾವಾಹಿ ತನಗೆ ಪುರುಸೊತ್ತಾದಾಗ, ಬೆಳಗ್ಗೆ ಎದ್ದು ಶಿವಮೊಗ್ಗದ ಅಡಿಕೆ ರೇಟು ಮೂವರಿಗೂ. ಕ್ರಿಕೆಟ್ ಒಂದು ಮಾತ್ರ ಆ್ಯಪಲ್ಲಿ ಡಿಶ್‌ಗಿಂತ ಹಿಂದೆ ಓಡತ್ತೆ, ಮ್ಯಾಚ್ ಹುಚ್ಚಿರೋರು ಡಿಶ್ ಇಟ್ಕೊಳ್ಳಿ. ಡಿಡಿ ಫ್ರೀ ಡಿಶ್ಶಿಗೆ ತಿಂಗಳ ಬಾಡಿಗೆ ಇಲ್ಲ, ಹಾಗಾಗಿ ನಾವೂ ಕಿತ್ತಿಲ್ಲ.

ದುಡ್ಡಿನ ವಿಚಾರ. ಜಾಹೀರಾತಲ್ಲಿ 499 ಅಂತ ಇದ್ರೆ ಶೇಕಡ 18 ಜಿಎಸ್‌ಟಿ ಸೇರಿ ಕಟ್ಟೋದು 589. ಅನ್‌ಲಿಮಿಟೆಡ್ ಅಂತ ಇದ್ರೂ ಎಷ್ಟೋ ಪ್ಲಾನಲ್ಲಿ 3300 ಜಿಬಿ ಆದ್ಮೇಲೆ ಸ್ಪೀಡ್ ಇಳಿಸ್ತಾರೆ, ಮನೆ ಬಳಕೆಗೆ ಅಷ್ಟು ಮುಟ್ಟೋದು ಕಷ್ಟ, ಚಿಂತೆ ಬೇಡ. ನನಗೆ ಸಿಟ್ಟಿರೋದು ಕಂಪ್ಲೇಂಟ್ ವ್ಯವಸ್ಥೆ ಮೇಲೆ. ಲೈನ್ ಸತ್ತೇ ಇರತ್ತೆ, ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜ್ ಬರತ್ತೆ, ಮತ್ತೆ ಹೊಸ ನಂಬರು, ಮತ್ತೆ ಮೊದಲಿಂದ ಕಥೆ. ಹಳೇ ದೂರಿನ ನಂಬರುಗಳನ್ನ ಬರೆದಿಟ್ಕೊಳ್ಳಿ. ಪ್ರತಿ ಕಂಪನೀಲೂ ಕಾಲ್ ಸೆಂಟರಿನ ಮೇಲೆ ಮೇಲ್ಮನವಿ ಅಧಿಕಾರಿ ಅಂತ ಇರ್ತಾರೆ, ಹಾಗೆ ಇರಲೇಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮ ಇದೆ, ಅಲ್ಲಿಗೆ ಬರೆದಾಗ ನಮಗೆ ಉತ್ತರ ಬಂತು.

5ಜಿ ಏರ್ ಕನೆಕ್ಷನ್ (ಕೇಬಲ್ ಇಲ್ದೇ ಟವರಿಂದಲೇ ಮನೆಗೆ ಬರೋ ನೆಟ್) ತಗೊಳ್ಳಾ ಅಂತ ಸುಮಾರು ಜನ ಕೇಳ್ತಾರೆ. ಮನೆಯಿಂದ ಟವರ್ ಕಣ್ಣಿಗೆ ಕಾಣತ್ತೆ ಅಂದ್ರೆ ತಗೊಳ್ಳಿ, ಕೇಬಲ್ ಕಟ್ಟಾಗೋ ಗೋಳೇ ಇಲ್ಲ. ಹೆಚ್ಚಿನ ಸ್ಪೀಡ್ ಬರೋದು 3500 ಮೆಗಾಹರ್ಟ್ಸ್ ಬ್ಯಾಂಡಲ್ಲಿ, ಅದು ಗುಡ್ಡ ದಾಟಲ್ಲ, ಒದ್ದೆ ಎಲೆ ತುಂಬಿದ ಕಾಡೂ ಅದಕ್ಕೆ ಅಡ್ಡ. ನಮ್ಮಂಥ ಹೊಂಡದ ಮನೆಗೆ ಫೈಬರೇ ಗತಿ, ಮತ್ತೆ ಅದು ಒಳ್ಳೇ ಗತಿನೇ. ಹೊಸದಾಗಿ ಹಾಕ್ಸೋರು ಕನೆಕ್ಷನ್ ಕೊಟ್ಟ ದಿನ ಲೈನ್ ಹುಡುಗನ ಹತ್ರ ಇರೋ ಬೆಳಕಿನ ಪವರ್ ಮೀಟರಲ್ಲಿ ಎಷ್ಟು ತೋರಿಸ್ತಿದೆ ಅಂತ ಒಂದು ಫೋಟೋ ತೆಗೆದಿಟ್ಕೊಳ್ಳಿ, ಮಳೆಗಾಲದಲ್ಲಿ ಲೈನ್ ಕೈಕೊಟ್ಟಾಗ ಹೋಲಿಸಿ ಹೇಳೋಕೆ ಅದೇ ಬೇಕಾಗತ್ತೆ.