ಕಲಬುರಗಿಯ ಸೆಕೆಯಲ್ಲಿ ಲೈಸೋಜೈಮ್ ಹರಳಿನ ಕಿಟ್

ಪದವಿ ವಿದ್ಯಾರ್ಥಿಗಳಿಗೆ ಪ್ರೋಟೀನಿನ ಹರಳನ್ನು ಕಣ್ಣಾರೆ ತೋರಿಸಬೇಕೆಂದು ಬೆಂಗಳೂರಿನ ಸರಬರಾಜುದಾರರೊಬ್ಬರಿಂದ ತರಿಸಿದ, ಲೈಸೋಜೈಮ್ ಎಂಬ ಪ್ರೋಟೀನಿನ ಕಿಟ್ಟನ್ನು ಕಲಬುರಗಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಏಪ್ರಿಲ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬಳಸಿದ್ದೇವೆ. ಕೋಳಿಮೊಟ್ಟೆಯ ಬಿಳಿಭಾಗದಿಂದ ತೆಗೆದ ಲೈಸೋಜೈಮ್ ಪುಡಿ, ಅಸಿಟೇಟ್ ಬಫರ್, ಉಪ್ಪಿನ ದ್ರಾವಣ, 24 ಗುಳಿಗಳ ಪ್ಲೇಟ್, ಕವರ್‌ಸ್ಲಿಪ್ ಮತ್ತು ಗ್ರೀಸ್ ಪೆಟ್ಟಿಗೆಯಲ್ಲಿರುತ್ತವೆ.

ಪ್ರೋಟೀನ್ ದ್ರಾವಣ 2 ಮೈಕ್ರೋಲೀಟರ್, ಗುಳಿಯ ಉಪ್ಪುನೀರು 2 ಮೈಕ್ರೋಲೀಟರ್ ಸೇರಿಸಿದ ಹನಿಯನ್ನು ಗಾಜಿನ ಮೇಲಿಟ್ಟು, ಗಾಜನ್ನು ಮಗುಚಿ ಗ್ರೀಸ್ ಹಚ್ಚಿದ ಗುಳಿಗೆ ಬಿಗಿಯಾಗಿ ಮುಚ್ಚಿದರೆ, ಹನಿಯ ನೀರು ಆವಿಯಾಗಿ ಕೆಳಗಿನ ಗಾಢವಾದ ಉಪ್ಪುನೀರನ್ನು ಮೆಲ್ಲಗೆ ಸೇರುತ್ತದೆ. ಹನಿ ಕುಗ್ಗಿದಂತೆ ಪ್ರೋಟೀನ್ ಕರಗಿರಲಾರದೆ ಹರಳುಗಟ್ಟುತ್ತದೆ. ಇದಿಷ್ಟನ್ನು ಕೈಪಿಡಿ ಚೆನ್ನಾಗಿ ವಿವರಿಸಿದೆ.

ಆದರೆ ಅದು 20 ಡಿಗ್ರಿಯ ಕೋಣೆಯನ್ನು ನಂಬಿ ಬರೆದ ಕೈಪಿಡಿ. ಏಪ್ರಿಲ್‌ನಲ್ಲಿ, ಹೊರಗೆ 40 ಡಿಗ್ರಿ ದಾಟಿದ್ದಾಗ, ಗ್ರೀಸ್ ಸಡಿಲವಾಗಿ ಹನಿಗಳು ಒಣಗಿಹೋದವು. ಮೂರನೆಯ ದಿನ ವಿದ್ಯಾರ್ಥಿನಿಯೊಬ್ಬಳು "ಮೇಡಂ, ಹರಳು ಬಂದಾವ್ರಿ" ಎಂದು ಕರೆದಾಗ, ಸೂಕ್ಷ್ಮದರ್ಶಕದಡಿ ಸೂಜಿಯಿಂದ ಒತ್ತಿ ನೋಡಿದೆ: ಟಕ್ಕೆಂದು ಸೀಳಿತು, ಅಂದರೆ ಬರಿಯ ಉಪ್ಪು. ಪ್ರೋಟೀನ್ ಹರಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುವುದರಿಂದ ಅದು ಸೂಜಿಗೆ ಪುಡಿಯಾಗುತ್ತದೆ. ಈ ಸುಲಭ ಪರೀಕ್ಷೆಯಾಗಲಿ, ಸುಮಾರು 25 ಡಿಗ್ರಿ ಮೀರಿದರೆ ಲೈಸೋಜೈಮ್ ಬೇರೆಯೇ ಆಕಾರದ ಹರಳಾಗಬಹುದೆಂಬ ಮಾತಾಗಲಿ ಕೈಪಿಡಿಯಲ್ಲಿಲ್ಲ.

ಡಿಸೆಂಬರ್‌ನಲ್ಲಿ ಪ್ಲೇಟನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಮುಟ್ಟಬಾರದೆಂದು ಚೀಟಿ ಅಂಟಿಸಿದೆವು. ಮರುದಿನ ಬೆಳಿಗ್ಗೆ ಒಂದೇ ಹನಿಯಲ್ಲಿ ಆರು ಹರಳು, ಚೂಪು ಅಂಚಿನವು, ಸಣ್ಣ ಕಲ್ಲುಸಕ್ಕರೆಯಂತೆ. ಪುಡಿಯ ಗುಣಮಟ್ಟದ ಬಗ್ಗೆ ನನ್ನ ತಕರಾರು ಅಲ್ಲಿಗೆ ಮುಗಿಯಿತು.

ಹರಳಿನ ನಂತರದ ಕಥೆಯಲ್ಲಿ ಮಾತ್ರ ಕೈಪಿಡಿ ಅವಸರ ಮಾಡುತ್ತದೆ. "ಎಕ್ಸ್-ರೇ ಹಾಯಿಸಿದರೆ ರಚನೆ ದೊರೆಯುತ್ತದೆ" ಎಂಬ ಒಂದೇ ವಾಕ್ಯದಿಂದ ಮಕ್ಕಳು ಅದನ್ನು ಎಲುಬಿನ ಎಕ್ಸ್-ರೇ ಫೋಟೋದಂತೆಯೇ ತಿಳಿದುಬಿಡುತ್ತಾರೆ. ಕೋಟ್ಯಂತರ ಅಣುಗಳು ಒಂದೇ ಕ್ರಮದಲ್ಲಿ ಜೋಡಣೆಗೊಂಡಿರುವುದರಿಂದ ಚದುರಿದ ಕಿರಣಗಳು ಕೂಡಿ ಚುಕ್ಕೆಗಳಾಗುತ್ತವೆ. ಚುಕ್ಕೆಯ ತೀವ್ರತೆಯನ್ನು ಅಳೆಯಬಹುದು, ಆದರೆ ಅಲೆಯ ಹಂತ, ಅಂದರೆ ಅದು ಏರಿಳಿತದ ಯಾವ ಘಟ್ಟದಲ್ಲಿತ್ತು ಎಂಬುದು, ಕಳೆದುಹೋಗಿರುತ್ತದೆ; ಅದಿಲ್ಲದೆ ಚುಕ್ಕೆಗಳಿಂದ ರಚನೆಯನ್ನು ನೇರವಾಗಿ ಕಟ್ಟಲಾಗದು. ಹಿಮೋಗ್ಲೋಬಿನ್‌ಗೆ ಪಾದರಸದಂಥ ಭಾರವಾದ ಪರಮಾಣು ಅಂಟಿಸಿ ಈ ಹಂತವನ್ನು ಹಿಡಿಯುವ ದಾರಿ ತೋರಿದವರು ಮ್ಯಾಕ್ಸ್ ಪೆರುಟ್ಜ್. 1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ತಂಡ ರಚನೆ ಬಿಡಿಸಿದ ಮೊದಲ ಕಿಣ್ವವೇ ಈ ಲೈಸೋಜೈಮ್. ಇಷ್ಟು ಬರೆಯಲು ಇನ್ನೊಂದು ಪುಟ ಸಾಕಿತ್ತು. ನಾವು ಆ ಕೊರತೆಯನ್ನು 1971ರಿಂದ ನಡೆಯುತ್ತಿರುವ, ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಉಚಿತವಾಗಿ ರಚನೆ ಇಳಿಸಿಕೊಂಡು, 129 ಅಮೈನೋ ಆಮ್ಲಗಳ ಸರಪಳಿಯನ್ನೂ, ಬ್ಯಾಕ್ಟೀರಿಯಾದ ಗೋಡೆಯ ಸಕ್ಕರೆ ಕೊಂಡಿಯನ್ನು ಕತ್ತರಿಸುವ ಅದರ ಕೊರಕಲನ್ನೂ ಪರದೆಯ ಮೇಲೆ ತಿರುಗಿಸಿ ತೋರಿಸಿ ತುಂಬಿಕೊಂಡೆವು.

ನಮ್ಮ ಕಡೆಯ ಕಾಲೇಜಿನವರು ದೀಪಾವಳಿ ಕಳೆದ ಮೇಲೆ ತರಿಸುವುದು ಒಳಿತು. ಗ್ರೀಸ್ ಒಂದು ಟ್ಯೂಬ್ ಹೆಚ್ಚಿಗೆ ಕೇಳಿರಿ. ಕೊಡುವುದು ಹದಿನೈದು ಗುಳಿಗಳಿಗೂ ಸಾಲುವುದಿಲ್ಲ.