ತಿಂಗಳಿಗೊಂದು ವಸ್ತುವೋ, ದಿನಕ್ಕೈದು ಪಠ್ಯವೋ?

ಹದಿಹರೆಯದ ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ಮುಂದೆ ಎರಡು ದಾರಿಗಳಿವೆ. ಒಂದೇ ವಸ್ತು ಹಿಡಿದು ತಿಂಗಳಿಡೀ ಕಲಿಯುವುದು, ಇಲ್ಲವೇ ಶಾಲೆಯಂತೆ ಗಣಿತ, ವಿಜ್ಞಾನ, ಸಮಾಜ ಎಂದು ಬೇರೆ ಬೇರೆ ಓದುವುದು.

‘ಕಾವೇರಿ’ಯನ್ನೇ ಒಂದು ತಿಂಗಳ ವಸ್ತುವಾಗಿಸಿ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ದೂರ ಸಾಗಿಸಲು ವೋಲ್ಟೇಜ್ ಏಕೆ ಏರಿಸಬೇಕು ಎಂದು ಕೇಳಿದೊಡನೆ ಇತಿಹಾಸದಿಂದ ಭೌತಶಾಸ್ತ್ರಕ್ಕೆ ಬಂದಿರುತ್ತೀರಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ದಿನವೂ ಗ್ರಾಫ್ ಹಾಳೆಯಲ್ಲಿ ಗುರುತಿಸಬಹುದು. ನೀರು ಹಂಚಿಕೆಯ ವಿವಾದ ಓದಿದರೆ ಸಂವಿಧಾನದ ಬಾಗಿಲೂ ತೆರೆಯುತ್ತದೆ. ಈ ವಯಸ್ಸಿನವರು ವಾದಕ್ಕಿಳಿಯುವುದು ಇಂಥಲ್ಲೇ, ಅದು ನನಗೆ ಬಹಳ ಇಷ್ಟ.

ಆದರೆ ಬೀಜಗಣಿತ ಹೀಗೆ ಬರುವುದಿಲ್ಲ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ನಿತ್ಯದ ಅಭ್ಯಾಸ ಬೇಕು. ಅಲ್ಲಿ ಪಠ್ಯಪುಸ್ತಕವೇ ಮೇಲು. ಪರೀಕ್ಷೆಗೂ ಅಷ್ಟೆ: ಶಾಲೆಗೆ ಹೋಗದವರೂ ಬರೆಯಬಹುದಾದ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು, ಕನಿಷ್ಠ ಐದು ವಿಷಯ ಪಾಸಾಗಬೇಕು.

ಪರೀಕ್ಷೆಗೆ ಇನ್ನೂ ಎರಡು ವರ್ಷವಿದ್ದರೆ ತಿಂಗಳ ವಸ್ತುವನ್ನೇ ಆರಿಸಿ, ಬೆಳಗ್ಗೆ ಒಂದು ಗಂಟೆ ಗಣಿತ ಮಾತ್ರ ಬೇರೆ ಇಡಿ. ಪರೀಕ್ಷೆಯ ವರ್ಷ ಪಠ್ಯಕ್ಕೆ ಬನ್ನಿ.