ಸೈಜಬಲ್, ನನ್, ಫಿಕ್ಸೆಡ್‌ಸಿಂಗಲ್: ವಿಂಡೋಗೆ ಯಾವ ದಡಿ?

ಇಳಕಲ್ಲಿನ ಒಂದು ಸೀರೆ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದೆ. ಭಾಷೆ ಸಿ ಶಾರ್ಪ್, ವಿಂಡೋ ಕಟ್ಟಲು ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸ್. ವಿಂಡೋಗೆ ಎಂಥ ಅಂಚು ಅಂತ ಹೇಳುವ ಅದರ ಫಾರ್ಮ್‌ಬಾರ್ಡರ್‌ಸ್ಟೈಲ್‌ನಲ್ಲಿ 7 ಆಯ್ಕೆಗಳಿವೆ. ಗಲ್ಲಾ ಮೇಲಿಟ್ಟು ನಿಜವಾಗಿ ಓಡಿಸಿ ನೋಡಿದ್ದು ಮೂರನ್ನು.

ನಾವು ಏನೂ ಮುಟ್ಟದಿದ್ದರೆ ಸಿಗುವುದು ಸೈಜಬಲ್. ಅಂಚು ಹಿಡಿದು ಎಳೆದಷ್ಟೂ ವಿಂಡೋ ಹಿಗ್ಗುತ್ತದೆ, ಕುಗ್ಗುತ್ತದೆ. ಒಳಗಿನ ಡಬ್ಬಿಗಳೂ ಜೊತೆಗೆ ಸರಿಯಬೇಕೆಂದರೆ ಆಂಕರ್ (ಯಾವ ಡಬ್ಬಿ ಯಾವ ಅಂಚಿಗೆ ಅಂಟಿರಬೇಕು ಅನ್ನುವುದು) ಸರಿಯಾಗಿ ಕೊಟ್ಟಿರಬೇಕು. ನಾನು ಕೊಟ್ಟಿರಲಿಲ್ಲ. ಮೊದಲ ದಿನವೇ ಗಲ್ಲಾ ಹುಡುಗ ವಿಂಡೋ ಕುಗ್ಗಿಸಿದ, ಒಟ್ಟು ಮೊತ್ತವೇ ಮಾಯ.

ಚಂದ ಕಾಣಲಿ ಅಂತ ನನ್ (None, ಅಂದರೆ ಅಂಚೇ ಇಲ್ಲ) ಹಾಕಿದೆ. ಮಾಲೀಕರು ನೋಡಿ ಕೇಳಿದರು: “ದಡೀನ ಇಲ್ಲದ ಸೀರಿ ಯಾರು ಉಡತಾರೋ ತಮ್ಮಾ? ಇದನ್ನ ಮುಚ್ಚೂದು ಹೆಂಗ?” ಸರಿ, ಮೇಲಿನ ಹೆಸರಿನ ಪಟ್ಟಿ, ಅಂದರೆ ಟೈಟಲ್ ಬಾರ್, ಹೋಯಿತು ಅಂದರೆ ಮುಚ್ಚುವ ಗುಂಡಿಯೂ ಹೋಯಿತು, ಎಳೆದು ಸರಿಸುವುದೂ ಹೋಯಿತು. ಗುಂಡಿ ನಾನೇ ಬರೆದೆ. ಎಳೆಯಲು, ಮೌಸ್ ವಿಂಡೋದ ಯಾವ ಭಾಗದ ಮೇಲಿದೆ ಅಂತ ವಿಂಡೋಸ್ ಕೇಳುವ ಡಬ್ಲ್ಯೂಎಂ_ಎನ್‌ಸಿಹಿಟ್‌ಟೆಸ್ಟ್ ಸಂದೇಶ ಹಿಡಿದು, ಉತ್ತರವಾಗಿ 2 ಕೊಟ್ಟೆ. ‘ಇದು ಟೈಟಲ್ ಬಾರ್’ ಅಂತ ವಿಂಡೋಸ್‌ಗೆ ಸುಳ್ಳು ಹೇಳಿದ ಹಾಗೆ. ಖಾಲಿ ಜಾಗದಲ್ಲಿ ಕೆಲಸ ಮಾಡಿತು. ಆದರೆ ಮೇಲ್ಗಡೆ ಪ್ಯಾನೆಲ್ (ಬೇರೆ ಡಬ್ಬಿಗಳನ್ನು ಇಡುವ ಹಲಗೆ) ಕೂರಿಸಿದ್ದೆ ನೋಡಿ, ಅಲ್ಲಿ ಹಿಡಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ; ಮೌಸ್ ಸಂದೇಶ ಪ್ಯಾನೆಲ್‌ಗೇ ಹೋಗುತ್ತಿತ್ತು, ಫಾರ್ಮ್‌ವರೆಗೆ, ಅಂದರೆ ವಿಂಡೋವರೆಗೆ, ಬರುತ್ತಲೇ ಇರಲಿಲ್ಲ. ಮ್ಯಾಕ್ಸಿಮೈಸ್ ಮಾಡಿದರೆ ಟಾಸ್ಕ್‌ಬಾರ್ ಕೂಡ ಮುಚ್ಚಿಹೋಯಿತು. ಅದಕ್ಕೆ, ಎಷ್ಟರವರೆಗೆ ಹಿಗ್ಗಬಹುದು ಅಂತ ಹೇಳುವ ಮ್ಯಾಕ್ಸಿಮೈಸ್ಡ್‌ಬೌಂಡ್ಸ್ ಅಂತ ಇನ್ನೊಂದು ತೇಪೆ. ಮೂರು ಸಂಜೆ ಹೋದವು, ಪುಕ್ಕಟೆ ಬರುತ್ತಿದ್ದದ್ದನ್ನು ಮತ್ತೆ ಕಟ್ಟಲು!

ಕೊನೆಗೆ ಉಳಿಸಿದ್ದು ಫಿಕ್ಸೆಡ್‌ಸಿಂಗಲ್. ಅಂಚು ಎಳೆಯಲು ಬರುವುದಿಲ್ಲ, ಟೈಟಲ್ ಬಾರ್ ಇರುತ್ತದೆ. ಒಂದು ಎಚ್ಚರ: ಮ್ಯಾಕ್ಸಿಮೈಸ್ ಗುಂಡಿ ತಾನಾಗಿ ಹೋಗುವುದಿಲ್ಲ, ಮ್ಯಾಕ್ಸಿಮೈಸ್‌ಬಾಕ್ಸ್ ಅನ್ನು ಫಾಲ್ಸ್ ಮಾಡಬೇಕು. ರಿಯಾಯಿತಿ ಕೇಳುವ ಪುಟ್ಟ ಪೆಟ್ಟಿಗೆಗೆ ಫಿಕ್ಸೆಡ್‌ಡೈಲಾಗ್ ಸಾಕು. ಅದರಲ್ಲಿ ಐಕಾನ್ ಕಾಣುವುದಿಲ್ಲ, ಅಷ್ಟೇ.

ನಿಮ್ಮದೇ ಬಣ್ಣದ ಟೈಟಲ್ ಬಾರ್ ಬೇಕೇ ಬೇಕು ಅಂದರೆ ವಿನ್‌ಫಾರ್ಮ್ಸ್ ಜೊತೆ ಗುದ್ದಾಡಬೇಡಿ. ವಿಂಡೋ ಕಟ್ಟಲು ಮೈಕ್ರೋಸಾಫ್ಟ್‌ನದೇ ಇನ್ನೊಂದು ಸಲಕರಣೆ ಡಬ್ಲ್ಯೂಪಿಎಫ್‌ನಲ್ಲಿ, ಅಂಚು-ಪಟ್ಟಿ ನಮ್ಮಿಷ್ಟದಂತೆ ಮಾಡಲು ವಿಂಡೋಕ್ರೋಮ್ ಇದೆ. ಕ್ಯಾಪ್ಶನ್‌ಹೈಟ್ ಕೊಟ್ಟರೆ ಎಳೆಯುವುದು, ರೀಸೈಜ್‌ಬಾರ್ಡರ್‌ಥಿಕ್‌ನೆಸ್ ಕೊಟ್ಟರೆ ಹಿಗ್ಗಿಸುವುದು, ಎರಡೂ ಬರುತ್ತವೆ. ಆ ಟೈಟಲ್ ಬಾರ್ ಪಟ್ಟಿಯಲ್ಲಿಟ್ಟ ಗುಂಡಿಗಳು ಮಾತ್ರ ಮೊದಲಿಗೆ ಕ್ಲಿಕ್ ಆಗುವುದಿಲ್ಲ. ಆ ಗುಂಡಿಗಳಿಗೆ ಈಸ್‌ಹಿಟ್‌ಟೆಸ್ಟ್‌ವಿಸಿಬಲ್‌ಇನ್‌ಕ್ರೋಮ್ ಅನ್ನು ಟ್ರೂ ಮಾಡಿ. ನನಗೆ ಅದು ಗೊತ್ತಾಗಲು ಅರ್ಧ ದಿನ ಹಿಡಿಯಿತು. ಆ ಡಬ್ಲ್ಯೂಪಿಎಫ್ ಆವೃತ್ತಿ ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. ಮಾಲೀಕರು ಈಗ ಕೇಳುತ್ತಿರುವುದು ಅಂಚನ್ನಲ್ಲ, “ಅಕ್ಷರ ಸ್ವಲ್ಪ ದೊಡ್ಡದು ಮಾಡು” ಅಂತ.